ಮಾವನವರ ಚಕಮಕಿ ಪಿಸ್ತೂಲು

ಪಾಮನಕಲ್ಲೂರಿನ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ಸೋದರಮಾವ ಜಾತ್ರೆಯೊಂದರಲ್ಲಿ ಹಿತ್ತಾಳೆ ಹೂಬಳ್ಳಿಯ ಚಕಮಕಿ ಪಿಸ್ತೂಲೊಂದನ್ನು ಎರಡೂವರೆ ಸಾವಿರಕ್ಕೆ ಕೊಂಡು ತಂದರಂತೆ. ಮಾರಿದವನ ಪ್ರಕಾರ ಅದು ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ ಕಾಲದ್ದು. ಪಕ್ಕದ ಮನೆಯವರ ಪ್ರಕಾರ ಟಿಪ್ಪುವಿನದು. ಈಗ ಮಾವನವರು ಅದಕ್ಕೊಂದು ತೂತು ಕೊರೆಸಿ, ಮದ್ದು ತುಂಬಿ, ದೀಪಾವಳಿಗೆ ಢಂ ಎನ್ನಿಸುವ ಉಮೇದಿನಲ್ಲಿದ್ದಾರೆ. ‘ಇದು ಅಸಲಿಯೇ? ರಿಪೇರಿ ಮಾಡಿಸಿ ಸುಧಾರಿಸಬಹುದೇ?’ ಎಂಬುದು ಪ್ರಶ್ನೆ.

ಮೊದಲು ಕೃಷ್ಣದೇವರಾಯನನ್ನು ಬಿಡೋಣ. ರಾಯಚೂರಿನ ಯುದ್ಧ ನಡೆದದ್ದು 1520ರಲ್ಲಿ. ಆಗ ಬಂದೂಕುಗಳಿದ್ದವು ನಿಜ. ಕ್ರಿಸ್ತೊವಾವ್ ದ ಫಿಗೆರೇದು ಎಂಬ ಪೋರ್ಚುಗೀಸನ ಕಡೆಯವರು ಕೋಟೆ ಗೋಡೆಯ ಮೇಲಿದ್ದವರನ್ನು ಗುಂಡಿಟ್ಟು ಕೆಡವಿದ್ದನ್ನು ನ್ಯೂನಿಜ್ ಬರೆದಿಟ್ಟಿದ್ದಾನೆ. ಆದರೆ ಅವು ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ಮುಟ್ಟಿಸುವ ಬಂದೂಕುಗಳು. ಕಲ್ಲು ಕಚ್ಚಿದ ಸುತ್ತಿಗೆ ಉಕ್ಕಿನ ಪಟ್ಟಿಗೆ ಬಡಿದು, ಕಿಡಿ ಕೆಳಗಿನ ಪುಟ್ಟ ಬಟ್ಟಲಿನ ಮದ್ದಿಗೆ ಬಿದ್ದು, ಪಕ್ಕದ ತೂತಿನಿಂದ ನಳಿಗೆಯೊಳಗೆ ಬೆಂಕಿ ಹೊಗುವ ಈ ಚಕಮಕಿ ಏರ್ಪಾಡು ಫ್ರಾನ್ಸಿನಲ್ಲಿ ರೂಪುಗೊಂಡದ್ದೇ ಹದಿನೇಳನೇ ಶತಮಾನದ ಆರಂಭದಲ್ಲಿ. ಸುಮಾರು ನೂರು ವರ್ಷದ ಅಂತರ. ವ್ಯಾಪಾರಿಗೆ ಅದೇನು ದೊಡ್ಡದಲ್ಲ!

ಟಿಪ್ಪುವಿನ ಮಾತು ಬೇರೆ. ಅವನ ಶ್ರೀರಂಗಪಟ್ಟಣದಲ್ಲಿ ಚಕಮಕಿ ಬಂದೂಕು, ಪಿಸ್ತೂಲು ಎರಡೂ ತಯಾರಾಗುತ್ತಿದ್ದವು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಕುಟುಂಬವೊಂದರ ಅಟ್ಟದಲ್ಲಿ ಸಿಕ್ಕಿದ ಅವನ ಬೆಳ್ಳಿ ಕಟ್ಟಿನ ಬಂದೂಕು ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. ಇಂಥ ಸುದ್ದಿ ಓದಿದ ಮೇಲೆ ಜಾತ್ರೆಯ ಪಿಸ್ತೂಲಿಗೂ ಟಿಪ್ಪು ಹೆಸರು ಅಂಟದೆ ಇರುತ್ತದೆಯೇ? ಅವನ ಆಯುಧಗಳ ಮೇಲೆ ಹುಲಿಪಟ್ಟೆ, ಹುಲಿಮುಖ ಇರುತ್ತವೆ. ಅವನು ತನ್ನದೇ ಆದ ಮೌಲೂದಿ ಶಕೆಯನ್ನು ಜಾರಿಗೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದವನು. ಆದ್ದರಿಂದ ಇಂಗ್ಲಿಷ್ ಅಂಕಿಯಲ್ಲಿ ‘1799’ ಎಂದು ಕೊರೆದ ಟಿಪ್ಪು ಪಿಸ್ತೂಲು ಕಂಡರೆ ನಕ್ಕು ಕೆಳಗಿಡಿ. ಅಕ್ಷರದ ಬೆಲೆಯನ್ನು ಮಸ್ಕಿ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. 1915ರಲ್ಲಿ ನಿಮ್ಮ ಬಂಡೆಯ ಶಾಸನದಲ್ಲಿ ‘ಅಶೋಕ’ ಎಂಬ ಹೆಸರು ಸಿಕ್ಕಿದ್ದರಿಂದಲೇ ಅಲ್ಲವೇ ದೇವಾನಾಂಪ್ರಿಯ ಯಾರೆಂಬುದು ಗಟ್ಟಿಯಾದದ್ದು!

ಇನ್ನು ಕೈಯಲ್ಲಿರುವುದನ್ನು ಪರೀಕ್ಷಿಸೋಣ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ನಳಿಗೆಗೆ ಹಿಡಿಯಿರಿ. ಅಂಟದಿದ್ದರೆ ಅದು ಕಬ್ಬಿಣವಲ್ಲ. ಹಿತ್ತಾಳೆಯ ನಳಿಗೆಗಳೂ ಹಿಂದೆ ಇದ್ದವು, ಆದರೆ ಬಣ್ಣ ಕೆರೆದಾಗ ಬೂದು ಲೋಹ ಕಂಡರೆ ಅದು ಸತುವಿನ ಎರಕ. ಅಲಂಕಾರದ ಅಗ್ಗದ ನಕಲುಗಳೆಲ್ಲ ಬಹುತೇಕ ಇದರವೇ. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಉದ್ದಕ್ಕೂ ಕಾಣುತ್ತದೆ. ಹೂಬಳ್ಳಿ ಉಳಿಯಿಂದ ಕೆತ್ತಿದಂತೆ ಚೂಪಾಗಿರದೆ ಕರಗಿದ ಬೆಲ್ಲದಂತೆ ಮೊಂಡಾಗಿರುತ್ತದೆ. ತಿರುಪುಮೊಳೆಯ ತಲೆಯಲ್ಲಿ ಕೂಡಿಸುವ ಗುರುತಿನ ಗೀರು ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ, ಅದು ಇಪ್ಪತ್ತನೇ ಶತಮಾನದ್ದು. ಕೊನೆಗೆ ಬಟ್ಟಲಿನ ಪಕ್ಕದ ತೂತು. ಮಾವನವರ ಪಿಸ್ತೂಲಿಗೆ ತೂತೇ ಇಲ್ಲ ಎಂದ ಮೇಲೆ ಅದು ಗೋಡೆಗೆ ತೂಗುಹಾಕಲೆಂದೇ ಹುಟ್ಟಿದ್ದು.

ಆ ತೂತನ್ನು ಕೊರೆಸಲೇಬಾರದು. ಸತುವಿನ ಎರಕ ಮದ್ದಿನ ಒತ್ತಡವನ್ನು ತಡೆಯುವುದಿಲ್ಲ. ನಳಿಗೆ ಸೀಳಿದರೆ ಹೋಗುವುದು ಹಿಡಿದವರ ಬೆರಳು, ಪಕ್ಕದಲ್ಲಿ ನಿಂತ ಹುಡುಗರ ಕಣ್ಣು. ಅದಲ್ಲದೆ ನಕಲಿ ಬಂದೂಕನ್ನು ಲೈಸೆನ್ಸಿಲ್ಲದೆ ಹಾರುವ ಬಂದೂಕಾಗಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಏಳು ವರ್ಷ ಸೆರೆ. ಕೊರೆದುಕೊಟ್ಟ ಕಮ್ಮಾರನೂ ಸಿಕ್ಕಿಬೀಳುತ್ತಾನೆ. ‘ಕೊಡಗಿನಲ್ಲಿ ಮನೆಮನೆಗೂ ಕೋವಿ ಇಲ್ಲವೇ’ ಎಂದು ಮಾವನವರು ಕೇಳಬಹುದು. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ, ನಮಗಲ್ಲ.

ಸುಧಾರಿಸಬೇಕಾದ್ದು ನೋಟವನ್ನು. ಅಗ್ಗದ ಪಿಸ್ತೂಲನ್ನು ಕೆಡಿಸುವುದು ಅದರ ಹೊಳಪು. ಮರದ ಹಿಡಿಯ ವಾರ್ನಿಷನ್ನು ನಯವಾದ ಉಜ್ಜುಕಾಗದದಿಂದ ಮರದ ಎಳೆಯ ಗುಂಟ ತೆಗೆಯಿರಿ. ಆಮೇಲೆ ಅಗಸೆ ಎಣ್ಣೆ. ಅಗಸಿ ಹಿಂಡಿ ತಿನ್ನುವ ನಾಡಿನವರಿಗೆ ಅದೇನು ದುರ್ಲಭವಲ್ಲ. ಬಟ್ಟೆಯಲ್ಲಿ ಅದ್ದಿ ತೆಳುವಾಗಿ ತಿಕ್ಕಿ, ಉಳಿದದ್ದನ್ನು ಒರೆಸಿ ಒಣಗಲು ಬಿಡಿ. ಅವಸರ ಬೇಡ, ಒಂದು ಕೈ ಪೂರ್ತಿ ಒಣಗಿದ ಮೇಲೆ ಮತ್ತೊಂದು, ಹೀಗೆ ಐದಾರು ಕೈ. ಹಿತ್ತಾಳೆಯ ಭಾಗಕ್ಕೆ ಹುಣಸೆಹಣ್ಣು ಸಾಕು; ತೊಳೆದು ಹಾಗೇ ಬಿಟ್ಟರೆ ತಾನಾಗಿ ಮಬ್ಬಾಗುತ್ತದೆ. ಸತುವಿಗೆ ಮಾತ್ರ ಹುಣಸೆ ತಾಕಿಸಬೇಡಿ, ಹುಳಿ ಅದನ್ನು ತಿನ್ನುತ್ತದೆ. ಅದರ ಕೆತ್ತನೆಗೆ ದೀಪದ ಕಾಡಿಗೆಯನ್ನು ಮೇಣದಲ್ಲಿ ಕಲಸಿ ತುಂಬಿ, ಮೇಲಿನದನ್ನು ಒರೆಸಿಬಿಡಿ. ಮೊಂಡು ಹೂಬಳ್ಳಿಗೂ ಆಳ ಬರುತ್ತದೆ. ತಿರುಪುಗಳನ್ನು ಒಂದೇ ಗೀರಿನವಕ್ಕೆ ಬದಲಿಸಿ. ಸುತ್ತಿಗೆಯ ಬಾಯಲ್ಲಿರುವ ಪ್ಲಾಸ್ಟಿಕ್ ಕಲ್ಲಿನ ಬದಲು ನಿಜವಾದ ಚಕಮಕಿ ಕಲ್ಲಿನ ಚೂರನ್ನು ತೊಗಲಿನಲ್ಲಿ ಸುತ್ತಿ ಕಚ್ಚಿಸಿ. ಆದರೆ ಮಸ್ಕಿಯ ಗುಡ್ಡದ ಬದಿಯಲ್ಲಿ ಬಿದ್ದಿರುವ ಕಲ್ಲಿನ ಅಲಗುಗಳನ್ನು ಎತ್ತಿ ತರಬೇಡಿ. ಅವು ಮೂರು ಸಾವಿರ ವರ್ಷಕ್ಕೂ ಹಿಂದಿನವಿರಬಹುದು. ನಿಮ್ಮ ಪಿಸ್ತೂಲಿಗಿಂತ ಸಾವಿರ ಪಾಲು ಬೆಲೆಯವು.

ಕೆಲಸ ಮುಗಿದ ಮೇಲೆ ಹಿಡಿಯ ಒಳಮೈಯಲ್ಲಿ ‘ನಕಲು’ ಎಂದೂ ಇಸವಿಯನ್ನೂ ಕೊರೆದಿಡಿ. ಇಲ್ಲವಾದರೆ ಮೊಮ್ಮಕ್ಕಳ ಕಾಲಕ್ಕೆ ಅದು ಮತ್ತೆ ಟಿಪ್ಪುವಿನದಾಗಿ ಯಾರಿಗೋ ಟೋಪಿ ಹಾಕೀತು. ಅಗಸೆ ಎಣ್ಣೆ ಕುಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅವು ಒಳಗೊಳಗೇ ಬಿಸಿಯೇರಿ ತಾವಾಗಿ ಹೊತ್ತಿಕೊಳ್ಳುವುದುಂಟು. ಅಂಗಳದಲ್ಲಿ ಹರಡಿ ಒಣಗಿಸಿ.