ಬಯಲು ಯಾರ ಪಾಲಿಗೆ?



ಕೆಲಸದ ನಿಮಿತ್ತ ಹಳ್ಳಿಯೊಂದಕ್ಕೆ ಹೋಗಿದ್ದಾಗ ಅಲ್ಲಿಯ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಕಟ್ಟೆಯ ಮೇಲೆ ಅರ್ಧ ತಾಸು ಕುಳಿತಿದ್ದೆ. ವೇಳಾಪಟ್ಟಿಯಲ್ಲಿ ಅದು ಆಟದ ಅವಧಿ. ಅಂಗಳದ ತುಂಬ ಯಾರದೋ ಜೋಳ ಒಣಗುತ್ತಿತ್ತು. ಮಕ್ಕಳು ಒಳಗೆ ಮಗ್ಗಿ ಒಪ್ಪಿಸುತ್ತಿದ್ದರು. ಗುರುಗಳನ್ನು ದೂರುವುದು ಸುಲಭ. ಇಬ್ಬರೇ ಸೇರಿ ಐದು ತರಗತಿ ನಡೆಸುವಲ್ಲಿ ಆಟ ಕಲಿಸುವವರಾರು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆನ್ನುತ್ತದೆ. ಎಷ್ಟು ವಿಸ್ತಾರದ್ದೆಂದು ಹೇಳುವುದಿಲ್ಲ. ದೈಹಿಕ ಶಿಕ್ಷಣಕ್ಕೆ ಅದು ಸೂಚಿಸುವುದು ಅರೆಕಾಲಿಕ ಬೋಧಕರನ್ನು. ಅದೂ ಆರರಿಂದ ಎಂಟನೆಯ ತರಗತಿಗಳಿಗೆ, ಮಕ್ಕಳ ಸಂಖ್ಯೆ 100ನ್ನು ಮೀರಿದಲ್ಲಿ ಮಾತ್ರ. ನೂರು ತುಂಬದ ಶಾಲೆಗಳಾದರೂ ಯಾವುವು? ಬಹುಮಟ್ಟಿಗೆ ತಾಂಡಾ, ಹಾಡಿ, ಹಟ್ಟಿಗಳವು. ಬೇರೆಡೆಗೆ ಕಳುಹಿಸಲು ಶಕ್ತಿಯಿಲ್ಲದವರ ಮಕ್ಕಳು ಕಲಿಯುವಂಥವು. ಇಲ್ಲದವರಿಗೆ ಇದೂ ಇಲ್ಲವೆಂದು ಕಾಯ್ದೆಯೇ ಬರೆದಿಟ್ಟಂತಾಯಿತು. ಅತ್ತ ನಗರದಲ್ಲಿ ಲಕ್ಷಗಟ್ಟಲೆ ಶುಲ್ಕ ತೆರುವವರ ಮಗುವಿಗೆ ಈಜುಕೊಳವುಂಟು, ತರಬೇತುದಾರರುಂಟು. ಬಾಡಿಗೆ ಮಹಡಿಯ ಅಗ್ಗದ ಖಾಸಗಿ ಶಾಲೆಯ ಮಗುವಿಗೆ ತಾರಸಿಯೇ ಬಯಲು.

‘ಬಡವರ ಮಕ್ಕಳು ನೀರು ಹೊರುತ್ತಾರೆ, ದನ ಕಾಯುತ್ತಾರೆ, ಅವರಿಗೇಕೆ ಬೇರೆ ವ್ಯಾಯಾಮ?’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಈ ಮಾತನ್ನು ನಾನು ಒಪ್ಪಲಾರೆ. ಕಾಯಕವೆಂಬುದು ಅರಿತು ಕೈಕೊಳ್ಳುವಂಥದ್ದು; ಹತ್ತು ವರ್ಷದ ಹುಡುಗಿಯ ತಲೆಯ ಮೇಲಿನ ಕೊಡ ಕಾಯಕವಲ್ಲ, ಅದು ಹೊರೆ. ಹೊರೆಯು ಬೆನ್ನನ್ನು ಬಾಗಿಸುತ್ತದೆ; ಖೊಖೊ ಆಟವು ಅದೇ ಹುಡುಗಿಗೆ ಓಡುವುದನ್ನೂ ಗೆಲ್ಲುವುದನ್ನೂ ಸೋತು ನಗುವುದನ್ನೂ ಕಲಿಸುತ್ತದೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಬಡವ ಬಲ್ಲಿದರೆಂಬ ಭೇದವನ್ನೆಣಿಸಿಲ್ಲ. ಒಡಲನ್ನೇ ಗುಡಿಯೆಂದು ಕಂಡ ಶರಣರ ನಾಡಿನಲ್ಲಿ ಇದನ್ನು ಹೊರಗಿನವರಿಂದ ಕೇಳಬೇಕಾಗಿರಲಿಲ್ಲ.

ಹರಿಯಾಣದ ಹಳ್ಳಿಯೊಂದರಲ್ಲಿ ಶಾಲಾ ಮೈದಾನಕ್ಕೆ ಮೀಸಲಾದ ಜಾಗವನ್ನು ಒತ್ತುವರಿ ಮಾಡಿದವರು ಹಣ ತೆತ್ತು ಉಳಿಸಿಕೊಳ್ಳಬಹುದೆಂದು ಅಲ್ಲಿಯ ಉಚ್ಚ ನ್ಯಾಯಾಲಯ ಹೇಳಿತ್ತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಮೈದಾನವಿಲ್ಲದೆ ಶಾಲೆಯಿರಲಾಗದೆಂದಿತು. ನಮ್ಮೂರುಗಳ ಶಾಲಾಭಿವೃದ್ಧಿ ಸಮಿತಿಗಳು ಈ ತೀರ್ಪನ್ನು ಕೈಯಲ್ಲಿ ಹಿಡಿದು ತಹಶೀಲ್ದಾರರ ಕಚೇರಿಗೆ ಹೋಗಬೇಕು. ನಾಲ್ಕೈದು ಸಣ್ಣ ಶಾಲೆಗಳಿಗೆ ಒಬ್ಬರಾದರೂ ದೈಹಿಕ ಶಿಕ್ಷಕರನ್ನು ಕೊಡೆಂದು ಸರಕಾರವನ್ನು ಕೇಳಬೇಕು.

ನಮ್ಮನ್ನೂ ಕೇಳಿಕೊಳ್ಳೋಣ. ಮಠಗಳು ನಡೆಸುವ ಎಷ್ಟೋ ವಿದ್ಯಾಸಂಸ್ಥೆಗಳಿಗೆ ವಿಶಾಲವಾದ ಮೈದಾನಗಳಿವೆ. ಸಂಜೆ ಗಂಟೆ ಹೊಡೆದೊಡನೆ ಗೇಟಿಗೆ ಬೀಗ ಬೀಳುತ್ತದೆ. ಅನ್ನದ ದಾಸೋಹಕ್ಕೆ ಹೆಸರಾದವರು ಆ ಬೀಗವನ್ನು ಎರಡು ತಾಸು ತಡವಾಗಿ ಹಾಕಿ, ನೆರೆಯ ಸರಕಾರಿ ಶಾಲೆಯ ಮಕ್ಕಳನ್ನು ಒಳಗೆ ಬಿಡಬಾರದೇ?