ಎಡಚ ಎಂದು ಸುಮ್ಮನಾಗಬೇಡಿ
ಆರು ತಿಂಗಳ ಕೂಸು ಗಿಲಕಿಗೆ ಸದಾ ಎಡಗೈಯನ್ನೇ ಚಾಚುತ್ತದೆ. ಬಲಗೈ ಮುಷ್ಟಿ ಬಿಚ್ಚುವುದೇ ಅಪರೂಪ. ‘ಎಡಚ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ವರ್ಷ ತುಂಬುವ ಮೊದಲೇ ಹೀಗಾದರೆ ವೈದ್ಯರಿಗೆ ತೋರಿಸಲೇಬೇಕು. ಹುಟ್ಟಿನ ಆಸುಪಾಸಿನಲ್ಲಿ ಮಿದುಳಿಗೆ ಪಾರ್ಶ್ವವಾಯು ಬಡಿದಿರಬಹುದು. ಎಳೆಯ ಮಿದುಳಿನ ಚೇತರಿಕೆ ನಿಜಕ್ಕೂ ಬೆರಗು: ಎಡಭಾಗಕ್ಕೆ ಪೆಟ್ಟಾದರೆ ಮಾತಿನ ಹೊಣೆಯನ್ನು ಬಲಭಾಗ ಹೊತ್ತುಕೊಳ್ಳುವುದುಂಟು. ಕೈಯ ಮಟ್ಟಿಗೆ ಅಷ್ಟು ಅದೃಷ್ಟವಿಲ್ಲ. ಬಳಸದ ಕೈ ಹಿಂದೆ ಬೀಳುತ್ತಲೇ ಹೋಗುತ್ತದೆ, ಹಾಗಾಗಿ ಮೊದಲ ತಿಂಗಳುಗಳ ತರಬೇತಿಯೇ ಮುಖ್ಯ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳ ಇಂಥ ತೊಂದರೆಗಳಿಗಾಗಿ ಜಿಲ್ಲಾ ಮಟ್ಟದ ಕೇಂದ್ರಗಳನ್ನು ರೂಪಿಸಿತು. ಅಲ್ಲಿಗೆ ಹೋಗಲು ಹಳ್ಳಿಯ ತಾಯಿಗೆ ಬಸ್ಸೇನೋ ಉಚಿತ. ಆದರೆ ಆ ದಿನದ ಕೂಲಿ ಹೋಗುತ್ತದೆ. ಅದಕ್ಕೇ ಸರ್ಕಾರ ಮಕ್ಕಳ ಫಿಸಿಯೊಥೆರಪಿಯನ್ನು ಪ್ರತಿ ತಾಲ್ಲೂಕು ಆಸ್ಪತ್ರೆಗೂ ತರಬೇಕು.