ಮೊತ್ತವೋ, ಗುಣವೋ?

ಮಕ್ಕಳು ಕೆಟ್ಟರೆಂಬ ಗೋಳು ಹೊಸದಲ್ಲ. ಹಿಂದೆ ನಾಟಕದಿಂದ ಕೆಟ್ಟರು, ಆಮೇಲೆ ಕಾದಂಬರಿಯಿಂದ, ಸಿನಿಮಾದಿಂದ ಕೆಟ್ಟರು. ಈಗ ಪೊಕೆಮಾನ್‌ನಿಂದ ಕೆಡುತ್ತಿದ್ದಾರಂತೆ. ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕಿ ಕಾದಾಡಿಸುವ ಈ ಜಪಾನೀ ಆಟ ಕೋಳಿ ಅಂಕದ ಪುನರವತಾರವೆಂದೂ, ಬಲಿಷ್ಠನೇ ಗೆಲ್ಲುತ್ತಾನೆಂಬ ಒಂದೇ ಪಾಠವನ್ನು ಅದು ಕಲಿಸುತ್ತದೆಂದೂ ನಮ್ಮ ಕಾರವಾರದ ಮಹನೀಯರು ಸಂಜೆ ಕಡಲದಂಡೆಯಲ್ಲಿ ಗಾಳಿ ಸೇವಿಸುತ್ತ ಅಪ್ಪಣೆ ಕೊಡಿಸುವುದುಂಟು. ಈ ಮಾತು ಬುಡಸಮೇತ ತಪ್ಪೆಂಬುದೇ ನನ್ನ ವಾದ. ಬಲವನ್ನು ಪೂಜಿಸುವವರು ಮಕ್ಕಳಲ್ಲ, ನಾವು.

ಆಟವನ್ನು ತುಸು ನೋಡೋಣ. 1996ರಲ್ಲಿ ಇದು ಮೊದಲು ಹೊರಬಂದಾಗ ಪ್ರತಿಯೊಂದು ಪ್ರಾಣಿಗೂ ಜೀವ, ದಾಳಿ, ರಕ್ಷಣೆ, ವೇಗ ಮುಂತಾದ ಅಂಕಗಳಿದ್ದುವು. ಕೂಡಿಸಿದರೆ ಒಂದು ಮೊತ್ತ. 2002ರ 'ರೂಬಿ' ಮತ್ತು 'ಸಫೈರ್' ಆಟಗಳಲ್ಲಿ ಅದರ ಕರ್ತೃಗಳು 'ಅಬಿಲಿಟಿ' ಎಂಬ ಹೊಸದೊಂದನ್ನು ಸೇರಿಸಿದರು. ನಾವದನ್ನು ಗುಣವೆನ್ನೋಣ. ಗುಣಕ್ಕೆ ಅಪ್ಪಣೆ ಬೇಕಿಲ್ಲ. ಸಂದರ್ಭ ಒದಗಿದೊಡನೆ ತಾನಾಗಿ ಕೆಲಸ ಮಾಡುತ್ತದೆ. ಮೊತ್ತದ ಲೆಕ್ಕ ತಲೆಕೆಳಗಾದುದು ಇಲ್ಲಿಯೇ.

ಸ್ಲೇಕಿಂಗ್ ಎಂಬ ದೈತ್ಯವಾನರನ ಮೊತ್ತ 670; ಕಡಲಿಗೇ ಒಡೆಯನೆನಿಸಿದ ಕ್ಯೋಗ್ರ್‌ನಷ್ಟೇ. ಆದರೆ ಅವನ ಗುಣ ಸೋಮಾರಿತನ. ಒಮ್ಮೆ ಕೈಯೆತ್ತಿದರೆ ಮರುಸರದಿಗೆ ಸುಮ್ಮನೆ ಕುಳಿತಿರಬೇಕು. ಇತ್ತ ಶೆಡಿಂಜಾ ಎಂಬ ಹುಳುವಿನ ಪೊರೆಯ ಮೊತ್ತ ಬರಿಯ 236, ಜೀವವೋ ಒಂದೇ ಒಂದು. ಆದರೆ ಅದರ ಜಾತಿಗೆ ನೇರ ಹಗೆಯಾದ ಬೆಂಕಿ, ಬಂಡೆ, ರೆಕ್ಕೆ, ಭೂತ, ಕತ್ತಲೆ ಈ ಐದು ಬಗೆಯ ಹೊಡೆತವಲ್ಲದೆ ಬೇರಾವ ಹೊಡೆತವೂ ಅದಕ್ಕೆ ತಾಗದು. ಮಹಾಬಲಶಾಲಿಯೂ ಅದರ ಮುಂದೆ ಕೈಚೆಲ್ಲಿ ನಿಲ್ಲಬೇಕಾದೀತು. ಹಾಗೆಂದು ಅದು ಅಮರವೇ? ಅಲ್ಲ. ಮರಳ ಬಿರುಗಾಳಿಯ ಒಂದು ಕಣ, ವಿಷದ ಒಂದು ತೊಟ್ಟು ಸಾಕು, ಸತ್ತುಬಿಡುತ್ತದೆ. ಗುಣವೆಂದರೆ ಬಲವಲ್ಲ, ಒಂದು ಷರತ್ತು.

ಇದು ಪರದೇಶದ ಹುಚ್ಚೆನ್ನುವವರನ್ನು ಕೇಳುತ್ತೇನೆ: ವರ್ಷಕ್ಕೊಮ್ಮೆ ದೋಣಿ ಹತ್ತಿ ಕೂರ್ಮಗಡದ ನರಸಿಂಹನ ಜಾತ್ರೆಗೆ ಹೋಗುವ ಊರಿನವರಿಗೆ ಇದು ತಿಳಿಯದೇ? ಹಗಲೂ ಅಲ್ಲದ, ಇರುಳೂ ಅಲ್ಲದ, ಒಳಗೂ ಅಲ್ಲದ, ಹೊರಗೂ ಅಲ್ಲದ ಆ ಸಂದು ಹಿರಣ್ಯಕಶಿಪುವಿನ ವರದೊಳಗೇ ಇತ್ತಷ್ಟೆ? ಅಂಕೋಲೆಯ ಬಯಲಾಟದಲ್ಲಿ ನಿದ್ದೆಗೆಟ್ಟು ಕುಂಭಕರ್ಣನ ನಿದ್ದೆಗೆ ನಕ್ಕವರಿಗೆ ಸ್ಲೇಕಿಂಗ್ ಅಪರಿಚಿತನೇ? ಎದುರು ನಿಂತವನ ಅರ್ಧ ಬಲ ವಾಲಿಗೆ ಸೇರುತ್ತಿತ್ತೆಂದು ಕೇಳಿದ್ದೇವೆ. ಈ ಆಟದ ಗ್ಯಾರಡೋಸ್ ಎಂಬ ಘೋರಸರ್ಪ ಕಣಕ್ಕಿಳಿದ ಮಾತ್ರಕ್ಕೆ ಎದುರಾಳಿಯ ದಾಳಿಯ ಬಲ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಆದರೆ ಮೈಬಲದಿಂದ ಹೊಡೆಯುವವರ ಬಲ ಮಾತ್ರ. ದೂರದಿಂದ ಬರುವ ಮಿಂಚಿಗೆ ಆ ಅಂಜಿಕೆಯಿಲ್ಲ. ರಾಮ ಮರೆಯಲ್ಲಿ ನಿಂತುದೇಕೆಂದು ಈ ಆಟವಾಡುವ ಹುಡುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಸರಿಯೇ ತಪ್ಪೇ ಎಂಬ ಹಳೆಯ ಜಗಳ ಬೇರೆ.

ಗುಣ ಯಾರ ಸ್ವತ್ತೂ ಅಲ್ಲವೆಂಬ ಸೂಕ್ಷ್ಮವೂ ಇಲ್ಲುಂಟು. ಕ್ಯೋಗ್ರ್ ಬಂದೊಡನೆ ಮಳೆ ಸುರಿಯುತ್ತದೆ, ನೀರಿನ ಹೊಡೆತ ಒಂದೂವರೆ ಪಟ್ಟಾಗುತ್ತದೆ. ಆದರೆ ಮಳೆ ಪಕ್ಷ ನೋಡಿ ಬೀಳುವುದಿಲ್ಲ. ಎದುರು ಬಣದಲ್ಲಿ ಮಳೆಗೆ ವೇಗ ಇಮ್ಮಡಿಯಾಗುವ ಪ್ರಾಣಿಯಿದ್ದರೆ ಲಾಭ ಅದಕ್ಕೂ ದಕ್ಕೀತು. ಮೊದಲು ಈ ಮಳೆ ತಾನಾಗಿ ನಿಲ್ಲುತ್ತಲೇ ಇರಲಿಲ್ಲ. 2013ರಲ್ಲಿ ಐದು ಸರದಿಗೆ ಮಿತಗೊಳಿಸಿದರು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳನ್ನು ದಡಕ್ಕೆ ಕಟ್ಟುವ ಬೈತಖೋಲದವರಿಗೆ ಇದನ್ನು ಹೇಳಿಕೊಡಬೇಕೆ? ಅದೇ ಮಳೆ ಟ್ರಾಲರಿಗೆ ರಜೆ, ಗದ್ದೆಗೆ ಕೆಲಸ.

ಆಟದ ಹಿಂದೆ ವ್ಯಾಪಾರವಿದೆ, ಹೊತ್ತು ಹಾಳಾಗುತ್ತದೆ ಎಂಬ ಆಕ್ಷೇಪಣೆ ನಿಜ. ಹಣಕ್ಕೂ ಹೊತ್ತಿಗೂ ಕಡಿವಾಣ ಹಾಕುವುದು ಹೆತ್ತವರ ಕೆಲಸ. ಯಾರೋ ಬರೆದಿಟ್ಟ ಪಟ್ಟಿ ನೋಡಿ ಗೆಲ್ಲುವ ತಂಡ ಕಟ್ಟುವ ಹುಡುಗರೂ ಇದ್ದಾರೆ. ಅವರು ಕಲಿಯುವುದು ಏನೂ ಇಲ್ಲ. ಬೇಕಾದ ಗುಣದ ಒಂದು ಮರಿಗಾಗಿ ನೂರಾರು ಮೊಟ್ಟೆ ಒಡೆಸಿ ಉಳಿದುವನ್ನು ತಳ್ಳಿಬಿಡುವವರೂ ಇದ್ದಾರೆ. ಆದರೆ ಈ ಚಾಳಿ ಅವರಿಗೆ ಎಲ್ಲಿಂದ ಬಂತು?

ನಮ್ಮಿಂದ ಬಂತು ಎನ್ನುತ್ತೇನೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನೆರೆಮನೆಯವರು ಕೇಳುವುದು ಒಂದೇ ಪ್ರಶ್ನೆ: ಎಷ್ಟಾಯಿತು? ಹುಡುಗಿ ಯಾವುದರಲ್ಲಿ ಚುರುಕು, ಎಂಥ ಎಡೆಯಲ್ಲಿ ಅರಳುತ್ತಾಳೆ, ಎಲ್ಲಿ ಬಾಡುತ್ತಾಳೆ ಎಂದು ಕೇಳುವವರಿಲ್ಲ. ನಮ್ಮ ಹಿಂದಿನ ರೈತ ಹೀಗಿರಲಿಲ್ಲ. ಈ ಕರಾವಳಿಯ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಬತ್ತವನ್ನು ಆತ ಬೆಳೆದ. ಅದರ ಇಳುವರಿ ಸುಧಾರಿತ ತಳಿಗಿಂತ ಕಡಿಮೆ. ಆದರೆ ಉಪ್ಪುನೀರು ನುಗ್ಗಿದಾಗ, ನೆರೆ ನಿಂತಾಗ, ಹೆಚ್ಚಿನ ಇಳುವರಿಯ ಜಾಣ ತಳಿ ಕೊಳೆಯುತ್ತದೆ. ಕಗ್ಗ ತಲೆಯೆತ್ತಿ ನಿಲ್ಲುತ್ತದೆ. ಅದನ್ನೇ ಸಿಹಿನೀರಿನ ಗದ್ದೆಗೆ ಒಯ್ದರೆ ಸೋಲು ಖಂಡಿತ. ನೆಲ, ನೀರು, ಗುಣ ಮೂರನ್ನೂ ಕೂಡಿಸಿ ನೋಡಿದ ಆತನನ್ನು ಮೊತ್ತ ಮೋಸಗೊಳಿಸಲಿಲ್ಲ.

ಆದುದರಿಂದ ಮಹನೀಯರಲ್ಲಿ ನನ್ನ ಕೋರಿಕೆಯಿಷ್ಟೆ. ಮಗುವಿನ ಕೈಯಿಂದ ಆಟವನ್ನು ಕಸಿಯುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ: ನಿನ್ನ ಈ ಪ್ರಾಣಿಯ ಗುಣವೇನು? ಅದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ? ಹುಡುಗ ಥಟ್ಟನೆ ಉತ್ತರಿಸುತ್ತಾನೆ. ಅದೇ ಎರಡು ಪ್ರಶ್ನೆಗಳನ್ನು ಆ ಹುಡುಗನ ವಿಷಯದಲ್ಲಿ ಯಾರಾದರೂ ನಿಮಗೆ ಕೇಳಿದರೆ, ಅಂಕಪಟ್ಟಿ ತರಲು ಒಳಗೆ ಎದ್ದುಹೋಗದೆ ನೀವು ಉತ್ತರಿಸಬಲ್ಲಿರಾ?